ಮಾರಿಯೋನ ಬೆಂಕಿ, ನಮ್ಮ ಒಲಿ ಬೆಂಕಿ

ಸೂಟಿ ಶುರು ಆದಾಗಿಂದ ನಮ್ಮ ಮನ್ಯಾಗ ಬರೇ ಬೆಂಕಿದ್ದ ಮಾತು ನೋಡ್ರಿ. ನನ್ನ ಮಗ, ಒಂಬತ್ತು ವರ್ಷದಾಂವ, ಟೀವಿ ಮುಂದ ಹಳೇ ‘ಸೂಪರ್ ಮಾರಿಯೋ ಬ್ರದರ್ಸ್’ ಹಚ್ಚಿಕೊಂಡು ಕೂತಾನ. 1985ರಾಗ ಜಪಾನದ ನಿಂಟೆಂಡೋದವ್ರು ಮಾಡಿದ ಆಟ. ನಾವೂ ಸಣ್ಣವರಿದ್ದಾಗ ಕ್ಯಾಸೆಟ್ ಹಾಕಿ ಆಡೇವಿ, ನೆನಪದ ಅಲ್ಲ?

ಅದರಾಗ ನಾಲ್ಕನೇ ಹಂತಕ್ಕ ಮೊದಲನೇ ಕೋಟೆ ಬರ್ತದ. ಅಲ್ಲೆ ಆರು ಬೆಂಕಿ ಉಂಡಿ ಪೋಣಿಸಿದಂಥಾ ಸರಳು, ಗಡಿಯಾರದ ಮುಳ್ಳಿನಂಗ ಒಂದ ಸಮ ಸುತ್ತತಿರ್ತದ. ತಾಗಿತಂದ್ರ ದೊಡ್ಡ ಮಾರಿಯೋ ಸಣ್ಣಾಂವ ಆಗ್ತಾನ, ಸಣ್ಣಾಂವ ಇದ್ರ ಸತ್ತ. ಹೂವು ಸಿಕ್ಕು ಬೆಂಕಿ ಒಗಿಯೋ ಶಕ್ತಿ ಬಂದಿದ್ರೂ ಆ ಸರಳಿಗೆ ಏನೂ ಆಗೂದಿಲ್ಲ. ಸತ್ರ ಮತ್ತ ಕೋಟೆ ಬಾಗಲದಿಂದನ ಶುರು.

ಒಂದಿನ “ಕೊಡೋ ಇಲ್ಲೆ” ಅಂತ ನಾನೂ ಕೂತೆ. ಕುಕ್ಕರ್ ಮೂರು ಸೀಟಿ ಹೊಡಿಯೋದ್ರಾಗ ಮೂರೂ ಜೀವ ಕಳಕೊಂಡೆ.

“ಅವ್ವಾ, ನೀ ಭಾಳ ಗಡಿಬಿಡಿ ಮಾಡ್ತಿ. ಒಂದು ಸುತ್ತು ಸುಮ್ನ ನಿಂತು ನೋಡು. ಅದು ಮ್ಯಾಲೆ ಹೋದಾಗ ಕೆಳಗ ಹಾದಿ ಇರ್ತದ” ಅಂದ.

ಖರೇ ಅದ. ಆ ಸರಳು ಎಂದೂ ತನ್ನ ಚಾಲ ಬದಲಿಸೂದಿಲ್ಲ. ಎರಡನೇ ಕೋಟೆಯೊಳಗ ಲಾವಾದಿಂದ ಪುಟಿಯೋ ಬೆಂಕಿ ಉಂಡಿನೂ ಹಂಗ, ಮ್ಯಾಲೆ ಬಂದದ್ದು ಅಲ್ಲೇ ಕೆಳಗ ಬೀಳತದ. ಆಟ ಮಾಡಿದವ್ರು ಬೆಂಕಿ ಇಟ್ಟಲ್ಲೆಲ್ಲಾ ದಾಟಲಿಕ್ಕೆ ಒಂದು ಸಂದಿನೂ ಬಿಟ್ಟಾರ.

ಮರದಿವಸ ಸಂಡಿಗಿ ಕರೀಲಿಕ್ಕೆ ಹತ್ತಿದ್ದೆ. ಕರದದ್ದನ್ನ ಒಲಿ ಹಿಂದ ಗ್ವಾಡಿಗೆ ಹಚ್ಚಿ ತಾಟಿನ್ಯಾಗ ಇಡೂದು ನನ್ನ ಹಳೇ ಚಟ. ನಾ ಈ ಕಡೆ ತಿರುಗಿದ್ದೆ. ಮಗ ಬಾಜೂದ ಉರಿ ಮ್ಯಾಲಿಂದ ಕೈ ಚಾಚಿದ. ಕಿಡಕಿ ಗಾಳಿಗೆ ಉರಿ ಬಾಗಿತು, ಅಂಗಿ ತೋಳಿಗೆ ಹತ್ತಿತು.

ಹಸಿ ಅರಿವಿ ಒತ್ತಿ ಆರಿಸಿದೆ. ನಳದ ಕೆಳಗ 20 ನಿಮಿಷ ಅವನ ಕೈ ಹಿಡಕೊಂಡ ನಿಂತೆ. ಅತ್ತಿಯವ್ರು ಟೂಥ್‌ಪೇಸ್ಟ್ ತಂದ್ರು, ಹಚ್ಚಗೊಡಲಿಲ್ಲ. ದೇವರು ದೊಡ್ಡಾಂವ, ಕೆಂಪಾತು ಅಷ್ಟ, ಗುಳ್ಳಿ ಏಳಲಿಲ್ಲ.

“ಆ ಹಾಳಾದ ಆಟದ್ದನ ಕೆಲಸ” ಅಂದ್ರು ಅತ್ತಿಯವ್ರು. ನಾನೂ ಹೂಂ ಅನ್ನವಕಿದ್ದೆ. ಅಷ್ಟರಾಗ ಹುಡುಗ ಅಳಕೋತ, “ನಾ ನೋಡೇ ಕೈ ಹಾಕಿದ್ದೆ ಅವ್ವಾ. ಅದು ಸುಮ್ನ ಇತ್ತು” ಅಂದ.

ನನ್ನ ಬಾಯಿ ಕಟ್ಟಿತು. ಅಂವ ನಿಂತು ನೋಡಿದ್ದ. ಆದ್ರ ಆಟದ ಬೆಂಕಿ ಒಂದ ಲೆಕ್ಕದಾಗ ನಡೀತದ, ಗ್ಯಾಸಿನ ಉರಿ ಗಾಳಿ ಹೇಳಿದಂಗ ಕೇಳತದ. ಅದನ್ನ ಅವಗ ಹೇಳಿಕೊಡದಾಕಿ ನಾನ. ಕೂಸು ಕೈ ಹಾಕೋ ತಿನಿಸನ್ನ ಒಲಿ ಹಿಂದ ಇಟ್ಟಾಕಿನೂ ನಾನ. ದಾಟಲಿಕ್ಕೆ ಸಂದಿ ಎಲ್ಲೆ ಬಿಟ್ಟಿದ್ದೆ?

ಈಗ ತಾಟು ಬಾಗಲ ಕಡೆ ಕಟ್ಟಿ ಮ್ಯಾಲೆ ಬಂದದ. ಗ್ಯಾಸ್ ಹತ್ತಿದ್ದಾಗ ಅಂವ ನನ್ನ ಕೇಳದ ಒಳಗ ಬರಂಗಿಲ್ಲ, ನಾ ಅವನ ಆಟ ಬಂದ್ ಮಾಡಂಗಿಲ್ಲ. ಮೊನ್ನೆ ಸಂಜಿಗೆ ಅಂತೂ ನಾನೂ ಆ ಕೋಟೆ ದಾಟಿದೆ. ರಾಜಕುಮಾರಿ ಅಲ್ಲಿರಲಿಲ್ಲ, ಬ್ಯಾರೆ ಕೋಟೆಯೊಳಗ ಇದ್ದಾಳಂತ! “ಇನ್ನೂ ಏಳು ಅವ, ಅವ್ವಾ” ಅಂತ ನಗಲಿಕ್ಕೆ ಹತ್ತಿದ.

ವೈನಿ, ಅಕ್ಕಾ, ನೀವೂ ಒಮ್ಮೆ ಎದ್ದು ಹೋಗಿ ನಿಮ್ಮ ಒಲಿ ಹಿಂದ ಏನಿಟ್ಟೀರಿ ನೋಡಿ ಬರ್ರಿ.