ಕಾಣಿಕೆಗಿಂತ ಮೊದಲು

ದೇವರ ಆಜ್ಞೆಗೆ ವಿಧೇಯರಾಗಿ ಬಾಳುವುದೆಂದರೇನು ಎಂದು ಇಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನು ತಡವರಿಸದೆ ಉತ್ತರಿಸುತ್ತಿದ್ದೆ. ಭಾನುವಾರದ ಬಲಿಪೂಜೆ ತಪ್ಪಿಸಬಾರದು. ಸಂಜೆ ಮನೆಯಲ್ಲಿ ಜಪಮಾಲೆ ನಡೆಯಬೇಕು. ತಪಸ್ಸು ಕಾಲದ ಶುಕ್ರವಾರಗಳಂದು ಮಾಂಸ ಮುಟ್ಟಬಾರದು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಯಲ್ಲಿ ಮೇಣದ ಬತ್ತಿ ಹಚ್ಚಬೇಕು. ಇವೆಲ್ಲವನ್ನೂ ನಾನು ಚಾಚೂ ತಪ್ಪದೆ ನಡೆಸಿಕೊಂಡು ಬಂದವನು. ಆದರೆ ಒಂದೇ ಒಂದು ಆಜ್ಞೆಯನ್ನು ಇಪ್ಪತ್ತೆರಡು ವರ್ಷಗಳ ಕಾಲ ತಿಳಿದೂ ತಿಳಿದೂ ಮೀರಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಓದುವ ಈ ಪುಟದಲ್ಲಿಯೇ ಅದನ್ನು ಬರೆಯಬೇಕಾಗಿದೆ. ಏಕೆಂಬುದು ಮುಂದೆ ತಿಳಿಯುತ್ತದೆ.

1993ರ ನವೆಂಬರ್. ದಾವಣಗೆರೆ ಆಗ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹತ್ತನೆಯ ತರಗತಿಯ ಪರೀಕ್ಷಾ ಶುಲ್ಕ ಸಂಗ್ರಹಿಸುವ ಹೊಣೆಯನ್ನು ನಾನು ತರಗತಿಯ ನಾಯಕನಾಗಿದ್ದ ಹುಡುಗನಿಗೆ ಒಪ್ಪಿಸಿದ್ದೆ. ಅವನೂ ನಮ್ಮ ನಿಟ್ಟುವಳ್ಳಿಯವನೇ. ತಂದೆಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಉಪ್ಪು ಬೆರೆಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಆ ಕೆಲಸದ ಬಿಸಿ ಎಂಥದೆಂಬುದು ಭಟ್ಟಿಯ ಹತ್ತಿರ ನಿಂತವರಿಗಷ್ಟೇ ಗೊತ್ತು. ಹುಡುಗ ಎರಡು ಲಕೋಟೆಗಳಲ್ಲಿ ಹಣ ತಂದುಕೊಟ್ಟನೆಂದು ಹೇಳಿದ. ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ ಲಕೋಟೆ. 480 ರೂಪಾಯಿ ಕಡಿಮೆ ಬಂತು.

ನಾನು ಅವನನ್ನು ನಲವತ್ತೇಳು ಮಂದಿಯ ಎದುರು ನಿಲ್ಲಿಸಿ ಕೇಳಿದೆ. ಅವನು, "ಕೊಟ್ಟಿದ್ದೀನಿ ಸಾರ್" ಎಂದ. ಮತ್ತೆ ಕೇಳಿದೆ. ಅದೇ ಉತ್ತರ. ಆಗ ನನ್ನ ಬಾಯಿಂದ "ಕಳ್ಳ" ಎಂಬ ಮಾತು ಬಂತು. ತಂದೆಯನ್ನು ಕರೆಸಿದೆ. ಅವರು ವಾದ ಮಾಡಲಿಲ್ಲ. ನಾಲ್ಕು ಕಂತುಗಳಲ್ಲಿ 480 ರೂಪಾಯಿಯನ್ನೂ ತಂದುಕೊಟ್ಟು ಪ್ರತಿ ಸಲವೂ ಕೈಮುಗಿದು ಹೋದರು.

2001ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆಂದು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಹಳೆಯ ವಹಿಗಳನ್ನು ಇಳಿಸಿದೆ. ಅಂಕಪಟ್ಟಿಯ ಒಂದು ವಹಿಗೆ ಹಾಕಿದ್ದ ಖಾಕಿ ಕಾಗದದ ಹೊದಿಕೆಯೊಳಗೆ ಆ ಎರಡನೆಯ ಲಕೋಟೆ ಇತ್ತು. ಮೇಲೆ ಅವನದೇ ದುಂಡಗಿನ ಅಕ್ಷರ. ಒಳಗೆ 480 ರೂಪಾಯಿ. ಅವನು ಕೊಟ್ಟಿದ್ದ. ನಾನೇ ವಹಿಯ ಹೊದಿಕೆಯಲ್ಲಿ ಸಿಕ್ಕಿಸಿ ಮರೆತಿದ್ದೆ.

ಆಗ ನಾನು ಮಾಡಬೇಕಾದುದು ಒಂದೇ ಆಗಿತ್ತು. ಅವನ ಮನೆ ನಮ್ಮ ಮನೆಯಿಂದ ಮೂರು ಬೀದಿ ಆಚೆಗೆ. ನಾನು ಹೋಗಲಿಲ್ಲ. ಅದರ ಬದಲು ಅದೇ ಲಕೋಟೆಯನ್ನು ಹರಿಹರಕ್ಕೆ ಒಯ್ದು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿದೆ. ದೇವರಿಗೆ ಕೊಟ್ಟ ಮೇಲೆ ಮುಗಿಯಿತೆಂದು ನನಗೆ ನಾನೇ ಹೇಳಿಕೊಂಡೆ. ಮುಂದೆ ಅವನು ತಮ್ಮ ಬೀದಿಯ ತಿರುವಿನಲ್ಲಿಯೇ ಸೈಕಲ್ ರಿಪೇರಿ ಅಂಗಡಿ ಇಟ್ಟ. ನಾನು ಮಾರುಕಟ್ಟೆಗೆ ಹೋಗುವ ದಾರಿಯನ್ನು ಬದಲಾಯಿಸಿಕೊಂಡೆ. ಹರಿಹರಕ್ಕೆ ಹೋಗಲು ಹದಿನಾಲ್ಕು ಕಿಲೋಮೀಟರ್ ಪ್ರಯಾಣ ನನಗೆ ಹೆಚ್ಚೆನಿಸುತ್ತಿರಲಿಲ್ಲ; ಮೂರು ಬೀದಿ ನಡೆಯಲು ಮಾತ್ರ ಕಾಲು ಬರುತ್ತಿರಲಿಲ್ಲ.

2024ರ ಫೆಬ್ರವರಿ 23, ತಪಸ್ಸು ಕಾಲದ ಮೊದಲನೆಯ ವಾರದ ಶುಕ್ರವಾರ. ನಿವೃತ್ತನಾದ ಮೇಲೆ ವಾರದ ದಿನಗಳಲ್ಲೂ ಪೂಜೆಗೆ ಹೋಗುವ ಅಭ್ಯಾಸ ನನಗಾಗಿತ್ತು. ಈಗ ಬಸಿಲಿಕಾ ಎಂಬ ಗೌರವ ಪಡೆದಿರುವ ಹರಿಹರದ ದೇವಾಲಯದಲ್ಲಿ ಅಂದು ಕುಳಿತಿದ್ದೆ. ಆ ಶುಕ್ರವಾರಕ್ಕೆ ನೇಮಿಸಿರುವ ಪಾಠ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದ್ದು. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ, ಮೊದಲು ಅವನೊಡನೆ ಸಂಧಾನ ಮಾಡಿಕೊಂಡು, ಆಮೇಲೆ ಬಂದು ಅರ್ಪಿಸಬೇಕೆಂದು ಪ್ರಭು ಯೇಸು ಅಲ್ಲಿ ಹೇಳುತ್ತಾರೆ.

ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಬೇರೆಯವರು ನನಗೆ ಮಾಡಿದ ಅನ್ಯಾಯವನ್ನು ನಾನು ಕ್ಷಮಿಸಬೇಕೆಂಬುದೇ ಅದರ ಅರ್ಥವೆಂದು ತಿಳಿದಿದ್ದೆ. ವಿಭಕ್ತಿ ಪ್ರತ್ಯಯಗಳನ್ನು ಮೂವತ್ತು ವರ್ಷ ಪಾಠ ಮಾಡಿದ ನಾನು ಅಲ್ಲಿಯ ಚತುರ್ಥೀ ವಿಭಕ್ತಿಯನ್ನು ಗಮನಿಸಿಯೇ ಇರಲಿಲ್ಲ! ದೂರು ಇರುವುದು ನನಗಲ್ಲ, ಅವನಿಗೆ. ನನ್ನ ಮನಸ್ಸು ಶಾಂತವಾಗಿದೆಯೇ ಎಂದು ಆ ಮಾತು ಕೇಳುವುದಿಲ್ಲ. ಅವನ ಮನಸ್ಸಿನಲ್ಲಿ ನನ್ನ ಬಗ್ಗೆ ಏನಿದೆ ಎಂದು ಕೇಳುತ್ತದೆ.

ಇನ್ನೊಂದು ಸಂಗತಿಯೂ ನೆನಪಿಗೆ ಬಂತು. ಪ್ರಭು ಆ ಬೋಧನೆ ಮಾಡಿದ್ದು ಗಲಿಲೇಯದಲ್ಲಿ. ಬಲಿಪೀಠವಿದ್ದುದು ಜೆರುಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಕಾಲ್ನಡಿಗೆಯಲ್ಲಿ ಹಲವು ದಿನಗಳ ಪಯಣ. ಅಷ್ಟು ದೂರ ಬಂದವನಿಗೂ ಹಿಂದಿರುಗಿ ಹೋಗೆಂದೇ ಅಪ್ಪಣೆ. ಹಾಗಿದ್ದಮೇಲೆ ಮೂರು ಬೀದಿಯ ನನಗೆ ಯಾವ ನೆಪ ಉಳಿಯಿತು?

ಕಾಣಿಕೆಯ ಹೊತ್ತಿಗೆ ಎದ್ದು ಹೊರಗೆ ಬಂದೆ. ಹಚ್ಚಲೆಂದು ತಂದಿದ್ದ ಮೇಣದ ಬತ್ತಿ ಬೆಂಚಿನ ಮೇಲೆಯೇ ಉಳಿಯಿತು. ದಾವಣಗೆರೆಯ ಬಸ್ಸಿನಲ್ಲಿ ಕುಳಿತು ಸಂಖ್ಯಾಕಾಂಡದ 5ನೇ ಅಧ್ಯಾಯದ ನಿಯಮವನ್ನು ನೆನೆದೆ. ಒಬ್ಬನಿಗೆ ಅನ್ಯಾಯ ಮಾಡಿದವನು ತಪ್ಪನ್ನು ಒಪ್ಪಿಕೊಂಡು, ಮೂಲ ಮೊತ್ತದ ಜೊತೆಗೆ ಐದರಲ್ಲೊಂದು ಪಾಲು ಸೇರಿಸಿ ಅವನಿಗೇ ಹಿಂದಿರುಗಿಸಬೇಕು. ಪಡೆದುಕೊಳ್ಳಲು ಅವನ ಬಂಧುಗಳೂ ಇಲ್ಲದಿದ್ದರೆ ಮಾತ್ರ ಅದು ದೇವರಿಗೆ, ಅಂದರೆ ಯಾಜಕನಿಗೆ ಸಲ್ಲುತ್ತದೆ. ಮೂರು ಬೀದಿ ಆಚೆ ಬದುಕಿದ್ದವನ ಹಣವನ್ನು ನಾನು ದೇವರ ಪೆಟ್ಟಿಗೆಗೆ ಹಾಕಿದ್ದೆ. ಅದು ಕಾಣಿಕೆಯಲ್ಲ, ಅಡಗಿಕೊಳ್ಳಲು ಹುಡುಕಿದ ಜಾಗ. 480ಕ್ಕೆ 96 ಕೂಡಿಸಿದರೆ 576.

ಅವನು ಸೈಕಲ್ ಚಕ್ರವೊಂದನ್ನು ಬಿಚ್ಚುತ್ತ ಕುಳಿತಿದ್ದ. ತಲೆಯಲ್ಲಿ ನರೆ ಬಂದಿತ್ತು. ನನ್ನನ್ನು ಕಂಡು ಎದ್ದು ನಿಂತ. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಸ್ಟೂಲು ಒರೆಸಿ ಕೊಟ್ಟ. ನಾನು ಕುಳಿತುಕೊಳ್ಳದೆ ನಡೆದುದನ್ನೆಲ್ಲ ಹೇಳಿದೆ. ಲಕೋಟೆ 2001ರಲ್ಲಿಯೇ ಸಿಕ್ಕಿತ್ತೆಂಬುದನ್ನೂ ಮುಚ್ಚಿಡಲಿಲ್ಲ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯ್ತು ಸಾರ್. ನನ್ನನ್ನ ಯಾವತ್ತೂ ಬೈಲಿಲ್ಲ. ಆದ್ರೆ ಅದಕ್ಕೆ ಮೊದ್ಲು ಭಟ್ಟಿಯಿಂದ ಅಂಗಡಿಗೆ ದುಡ್ಡು ತಲುಪಿಸೋಕೆ ನನ್ನನ್ನೇ ಕಳಿಸ್ತಿದ್ರು. ಆಮೇಲೆ ಕಳಿಸ್ಲಿಲ್ಲ. 2001ರಲ್ಲೇ ಬಂದಿದ್ರೆ ಅವರೂ ಕೇಳ್ತಿದ್ರು."

ನನ್ನ ಬಳಿ ಉತ್ತರವಿರಲಿಲ್ಲ. ಹಣ ಮುಂದೆ ಹಿಡಿದೆ. ಅವನು 480 ರೂಪಾಯಿ ಎಣಿಸಿ ಇಟ್ಟುಕೊಂಡು 96 ರೂಪಾಯಿಯನ್ನು ಹಿಂದಕ್ಕೆ ಕೊಟ್ಟ. "ಇದು ಅಪ್ಪನ ದುಡ್ಡು. ಉಳಿದಿದ್ದು ನಮಗೆ ಬೇಡ" ಎಂದ. ನಾನು ಹೊರಡಲು ತಿರುಗಿದಾಗ ಅವನು ಇನ್ನೊಂದು ಮಾತು ಹೇಳಿದ: "ಅವತ್ತು ಎಲ್ರ ಮುಂದೆ ಅಂದ್ರಿ ಸಾರ್. ಇವತ್ತು ನನ್ನೊಬ್ಬನ ಮುಂದೆ ಹೇಳ್ತಾ ಇದ್ದೀರಿ."

ಕೋಪದಿಂದ ಹೇಳಿದ ಮಾತಲ್ಲ ಅದು. ಲೆಕ್ಕದಲ್ಲಿ ಉಳಿದ ಬಾಕಿಯನ್ನು ತೋರಿಸಿದ, ಅಷ್ಟೆ. ಬರೆಯುತ್ತೇನೆಂದು ಮಾತು ಕೊಟ್ಟು ಬಂದೆ. ಅದಕ್ಕೂ ಇಷ್ಟು ದಿನ ತಡಮಾಡಿದ್ದು ನನ್ನ ಹಳೆಯ ರೋಗವೇ. ಬರೆದುದನ್ನು ಮೊದಲು ಅವನಿಗೆ ಓದಿ ಹೇಳಿದ್ದೇನೆ. ಹೆಸರು ಹಾಕುವುದು ಬೇಡವೆಂದು ಅವನೇ ಹೇಳಿದ. ನಿಮಗೆ ಹೆಸರು ಬೇಕಾಗಿಯೂ ಇಲ್ಲ.

1993-94ರ ಹತ್ತನೆಯ ತರಗತಿಯ ನನ್ನ ವಿದ್ಯಾರ್ಥಿಗಳೇ, ಅಂದು ನಮ್ಮ ತರಗತಿಯಲ್ಲಿ ಕಳ್ಳತನ ನಡೆಯಲಿಲ್ಲ. ನಿಮ್ಮ ಹಣವನ್ನು ನಿಮ್ಮ ನಾಯಕ ಪೂರ್ತಿಯಾಗಿ ನನ್ನ ಕೈಗೆ ಕೊಟ್ಟಿದ್ದ. ಕಳೆದವನು ನಾನು, ಸುಳ್ಳು ದೂರು ಹೊರಿಸಿದವನೂ ನಾನು. ಈ ಪುಟ ಓದದ ನಿಮ್ಮ ಗೆಳೆಯರಿಗೂ ದಯವಿಟ್ಟು ಇದನ್ನು ತಿಳಿಸಿ. ನಿಟ್ಟುವಳ್ಳಿಯ ಕಡೆಗೆ ಬಂದಾಗ ಅವನ ಅಂಗಡಿಯ ಮುಂದೆ ಒಂದು ನಿಮಿಷ ನಿಂತು ಮಾತಾಡಿಸಿ. ಈಗ ನಾನು ಮಾರುಕಟ್ಟೆಗೆ ಆ ದಾರಿಯಲ್ಲಿಯೇ ಹೋಗುತ್ತೇನೆ.