ಪಾತಾಳಯಾತ್ರೆಯೂ ಕುಡಿಯುವ ನೀರೂ

ಎರಡು ದಿನದ ಯಾತ್ರೆಗೆ ಹೊರಟರೂ ನಾವು ಮೊದಲು ತುಂಬಿಸಿಡುವುದು ಕುಡಿಯುವ ನೀರನ್ನು. ಬುತ್ತಿಯ ಮಾತು ಆಮೇಲೆ. ಹೀಗಿರುವಾಗ ಭೂಮಿಯ ನಟ್ಟನಡುವಿಗೇ ಹೊರಟ ಒಬ್ಬ ಮಹಾಪಂಡಿತರು ಆರು ತಿಂಗಳಿಗಾಗುವಷ್ಟು ಬಿಸ್ಕತ್ತು, ಮಾಂಸದ ಸತ್ವ ಕಟ್ಟಿಕೊಂಡರು. ಜಿನ್ ಎಂಬ ಮದ್ಯವನ್ನೂ ಮರೆಯಲಿಲ್ಲ ನೋಡಿ! ನೀರಿಗೆ ಮಾತ್ರ ಖಾಲಿ ಬುರುಡೆಗಳನ್ನು ಹಿಡಿದರು. ದಾರಿಯಲ್ಲಿ ಒರತೆ ಸಿಕ್ಕೇ ಸಿಗುತ್ತದೆ ಅಂತ ಅವರ ಧೈರ್ಯ. ಏನನ್ನುತ್ತೀರಿ ಇಂಥವರಿಗೆ?

ಗಾಬರಿಯಾಗಬೇಡಿ, ಇದು ಕಥೆ. ಫ್ರಾನ್ಸಿನ ಜೂಲ್ಸ್ ವರ್ನ್ ಎಂಬ ಕಾದಂಬರಿಕಾರ 1864ರಲ್ಲಿ ಪ್ರಕಟಿಸಿದ, ಭೂಮಿಯ ಕೇಂದ್ರಕ್ಕೆ ಹೊರಟವರ ರೋಮಾಂಚಕ ಕಥೆ. ಪಿಯುಸಿ ಓದುವ ನನ್ನ ಮಗಳು ಅದನ್ನು ಇಂಗ್ಲಿಷಿನಲ್ಲಿ ಓದಿ, ನಾನು ಅಡುಗೆ ಮಾಡುವಾಗ ದಿನಕ್ಕೊಂದಿಷ್ಟು ಹೇಳಿದಳು. ಗಂಡಸರ ಸಾಹಸದ ಕಥೆ, ನಮಗೇನಿದೆ ಅಂತ ಪುಟ ತಿರುಗಿಸಬೇಡಿ. ಅದರಲ್ಲಿ ನಾಯಕರಿಗಿಂತ ಅವರ ಅಕ್ಕಪಕ್ಕದವರನ್ನು ನೋಡಬೇಕು.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಪ್ರೊಫೆಸರ್ ಲೀಡೆನ್‌ಬ್ರಾಕ್ ಅಂತ ಒಬ್ಬರು. ಕಲ್ಲು, ಖನಿಜಗಳ ಪಂಡಿತರು, ಮೂಗಿನ ತುದಿಯಲ್ಲೇ ಸಿಟ್ಟು. ಹಳೆಯ ಪುಸ್ತಕವೊಂದರಿಂದ ಗೂಢಲಿಪಿಯ ಒಂದು ಚೀಟಿ ಅವರ ಕೈಗೆ ಬೀಳುತ್ತದೆ. ಅದರ ಅರ್ಥ ಬಿಡಿಸುವ ತನಕ ಮನೆಯಲ್ಲಿ ಯಾರಿಗೂ ಊಟವಿಲ್ಲ ಅಂತ ಹಟ! ಬಾಗಿಲ ಬೀಗದ ಕೈ ಅವರ ಹತ್ತಿರವೇ. ಮಾರ್ಥಾ ಎಂಬ ಮನೆಗೆಲಸದಾಕೆ ಪೇಟೆಗೆ ಹೋಗುವ ಹಾಗಿಲ್ಲ, ಉಗ್ರಾಣದಲ್ಲಿ ಏನೂ ಇಲ್ಲ. ಪ್ರೊಫೆಸರರ ತಮ್ಮನ ಮಗ ಆಕ್ಸೆಲ್‌ಗೆ ಆ ಗುಟ್ಟು ತಾನಾಗಿಯೇ ಹೊಳೆದಿರುತ್ತದೆ. ಹೇಳಿದರೆ ದೊಡ್ಡಪ್ಪ ಪಾತಾಳಕ್ಕೇ ಎಳೆದೊಯ್ಯುತ್ತಾರೆ ಅಂತ ಬಾಯಿ ಬಿಡುವುದಿಲ್ಲ. ಕೊನೆಗೆ ಹಸಿವು ತಡೆಯಲಾರದೆ ಹೇಳಿಬಿಡುತ್ತಾನೆ. ಇಷ್ಟು ದೊಡ್ಡ ವಿಜ್ಞಾನಯಾತ್ರೆಯ ಆರಂಭ ಎಲ್ಲಿಂದ ಅಂತ ನೋಡಿದಿರಾ? ಒಲೆ ಹಚ್ಚದ ಅಡುಗೆಮನೆಯಿಂದ.

ಅದೇ ಮನೆಯಲ್ಲಿ ಗ್ರೊಯ್ಬೆನ್ ಎಂಬ ಹುಡುಗಿ ಇದ್ದಾಳೆ. ಆಕ್ಸೆಲ್ ಮದುವೆಯಾಗಬೇಕೆಂದಿರುವವಳು. ಇವಳು ಅತ್ತು ಕರೆದು ತನ್ನನ್ನು ತಡೆಯುತ್ತಾಳೆ ಅಂತ ಅವನ ಆಸೆ. ಅವಳೋ ಸಂತೋಷದಿಂದ ಹೋಗಿ ಬಾ ಎನ್ನುತ್ತಾಳೆ. ತಾನು ಹೊರೆಯಾಗದೆ ಇದ್ದರೆ ತಾನೂ ಹೊರಡುತ್ತಿದ್ದೆ ಅಂತಲೂ ಹೇಳುತ್ತಾಳೆ. ಅವಳನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ, ಬಿಡಿ. ಈ ಹುಡುಗಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಐಸ್‌ಲ್ಯಾಂಡಿನ ಸ್ನೆಫೆಲ್ಸ್ ಜ್ವಾಲಾಮುಖಿಯ ಬಾಯಿಂದ ಇಳಿಯುವವರು ಮೂವರು. ಮೂರನೆಯವನು ಹಾನ್ಸ್, ದಾರಿ ತೋರಿಸುವ ಆಳು. ಊರಿನಲ್ಲಿ ಬಾತುಹಕ್ಕಿಯ ಮೃದುವಾದ ಗರಿ ಕೂಡಿಸಿ ಮಾರುವವನು. ಮಾತೆಂಬುದೇ ಇಲ್ಲ. ಅವನದು ಒಂದೇ ಷರತ್ತು: ವಾರಕ್ಕೆ ಮೂರು ರಿಕ್ಸ್‌ಡಾಲರ್ ಸಂಬಳ, ಪ್ರತಿ ಶನಿವಾರ ಸಂಜೆ ತಪ್ಪದೆ ಬಟವಾಡೆ. ನನಗಂತೂ ಇದು ಬಹಳ ಹಿಡಿಸಿತು. ಪಾತಾಳವಾದರೇನು, ಶನಿವಾರ ಶನಿವಾರವೇ!

ಒಳಗೆ ದಾರಿ ತಪ್ಪುತ್ತದೆ, ಬುರುಡೆಗಳ ನೀರು ಮುಗಿಯುತ್ತದೆ. ಒರತೆಯ ಸುಳಿವೇ ಇಲ್ಲ. ನಾಲಿಗೆ ಒಣಗಿ ಆಕ್ಸೆಲ್ ಕುಸಿದು ಬಿದ್ದಾಗ, ಅದುವರೆಗೆ ಗದರುತ್ತಲೇ ಇದ್ದ ದೊಡ್ಡಪ್ಪ ತಾವು ಕುಡಿಯದೆ ಉಳಿಸಿಟ್ಟಿದ್ದ ಕೊನೆಯ ಗುಟುಕನ್ನು ಅವನ ಬಾಯಿಗೆ ಹಾಕುತ್ತಾರೆ. ಇಲ್ಲಿಗೆ ಬಂದಾಗ ನಾನು ಸೌಟು ಕೆಳಗಿಟ್ಟು ಕೇಳಿದೆ. ಆಮೇಲೆ ಕತ್ತಲಲ್ಲಿ ಹಾನ್ಸ್ ದೀಪ ಹಿಡಿದು ಎದ್ದು ಹೋಗುತ್ತಾನೆ. ನಮ್ಮನ್ನು ಬಿಟ್ಟು ಓಡಿದ ಅಂತ ಆಕ್ಸೆಲ್‌ಗೆ ಅನುಮಾನ. ಆದರೆ ಅವನಿಗೆ ಎಲ್ಲೋ ನೀರಿನ ಸದ್ದು ಕೇಳಿಸಿರುತ್ತದೆ. ಬಂಡೆಗೆ ಕಿವಿಯಿಟ್ಟು, ಇಂಚಿಂಚಾಗಿ ಸರಿಯುತ್ತಾ, ಸದ್ದು ಜೋರಾದ ಕಡೆ ಗುದ್ದಲಿಯಿಂದ ಹೊಡೆಯುತ್ತಾನೆ. ಕುದಿಕುದಿಯುವ ನೀರು ಚಿಮ್ಮುತ್ತದೆ! ಬಾಯಾರಿದಾಗ ಬಾವಿ ತೋಡಿದ ಹಾಗೆ ಅಂತ ನಾವು ಆಡಿಕೊಳ್ಳುತ್ತೇವೆ. ಹಾನ್ಸ್ ನಿಜವಾಗಿಯೂ ತೋಡಿ ಮೂರು ಜೀವ ಉಳಿಸಿದ.

ಮುಂದೆ ಪಾತಾಳದ ಕಡಲು ದಾಟಲು ತೆಪ್ಪ ಕಟ್ಟಿದವನೂ ಅವನೇ, ಗಾಯಕ್ಕೆ ಮುಲಾಮು ಸವರಿದವನೂ ಅವನೇ. ಕೊನೆಗೆ ಇಟಲಿಯ ಸ್ಟ್ರಾಂಬೋಲಿ ಜ್ವಾಲಾಮುಖಿ ಅವರನ್ನು ಹೊರಕ್ಕೆ ಉಗುಳುತ್ತದೆ. ಕೇಂದ್ರ ಮುಟ್ಟದಿದ್ದರೂ ಪ್ರೊಫೆಸರರಿಗೆ ಲೋಕವೆಲ್ಲ ಜೈಕಾರ. ಹಾನ್ಸ್ ಒಂದು ಮಾತಲ್ಲಿ ವಿದಾಯ ಹೇಳಿ ತನ್ನೂರಿಗೆ ಹೋಗುತ್ತಾನೆ.

ನಿಜವಾಗಿ ಹಾಗೆ ಇಳಿಯಲು ಆಗುತ್ತದೆಯೇ? ಕೇಂದ್ರ ನಮ್ಮ ಕಾಲಡಿಯಿಂದ ಸುಮಾರು 6,370 ಕಿಲೋಮೀಟರ್ ದೂರ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವಾಗ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಅಲ್ಲಿಯೇ ಬಂಡೆಗಳು ಮೈ ಬೇಯಿಸುವಷ್ಟು ಬಿಸಿ. ರಷ್ಯದ ಕೋಲಾ ಎಂಬಲ್ಲಿ 1970ರಲ್ಲಿ ಕೊರೆಯಲು ಆರಂಭಿಸಿ 1989ರ ಹೊತ್ತಿಗೆ 12,262 ಮೀಟರ್ ತಲುಪಿದರು. ತಳದಲ್ಲಿ 180 ಡಿಗ್ರಿ ಶಾಖ; ಮುಂದೆ ಕೊರೆಯಲಾಗಲಿಲ್ಲ. ಅದು ಪೂರ್ತಿ ದಾರಿಯ ಐನೂರರಲ್ಲಿ ಒಂದು ಪಾಲೂ ಅಲ್ಲ.

ಹಾಗಾದರೆ ಭೂಮಿಯ ನಡುವೆ ಏನಿದೆ ಅಂತ ತಿಳಿದದ್ದು ಹೇಗೆ? ಒಬ್ಬ ಹೆಣ್ಣುಮಗಳಿಂದ! ಡೆನ್ಮಾರ್ಕಿನ ಇಂಗೆ ಲೆಹ್ಮನ್, ಹುಟ್ಟಿದ್ದು 1888ರಲ್ಲಿ. ಭೂಕಂಪದ ಅಲೆಗಳು ಭೂಮಿಯನ್ನು ಹಾದು ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟಿದವು ಎಂಬುದನ್ನು ಆಕೆ ರಟ್ಟಿನ ಚೀಟಿಗಳ ಮೇಲೆ ಬರೆದು, ಓಟ್ಸ್ ಡಬ್ಬಿಗಳಲ್ಲಿ ಜೋಡಿಸಿಡುತ್ತಿದ್ದರು. ಬೇಸಿಗೆಯಲ್ಲಿ ತೋಟದ ಹುಲ್ಲಿನ ಮೇಲೆ ಮೇಜು ಹಾಕಿಕೊಂಡು ಕೆಲಸ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ಭೂಕಂಪವಾದಾಗ, ಬರಬಾರದ ಜಾಗಗಳಿಗೂ ಸಣ್ಣ ಅಲೆಗಳು ಬಂದಿದ್ದವು. ಬೇರೆಯವರು ಅಷ್ಟಾಗಿ ಲಕ್ಷ್ಯ ಕೊಡದ ಆ ಸಣ್ಣ ಅಲೆಗಳಿಗೆ ಇವರು ಗಮನ ಕೊಟ್ಟರು. ಮಾವಿನ ರಸದೊಳಗೆ ಓಟೆ ಇರುವ ಹಾಗೆ, ಭೂಮಿಯ ಕರಗಿದ ತಿರುಳಿನೊಳಗೆ ಇನ್ನೊಂದು ತಿರುಳಿದೆ ಎಂದು 1936ರಲ್ಲಿ ತೋರಿಸಿಕೊಟ್ಟರು. ಅದು ಗಟ್ಟಿಯಾದದ್ದೆಂದು ಮುಂದೆ ಖಚಿತವಾಯಿತು. 1993ರಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ. ಹಾನ್ಸ್ ಕಥೆಯಲ್ಲಿ ಬಂಡೆಗೆ ಕಿವಿಯಿಟ್ಟ. ಈಕೆ ನಿಜವಾಗಿ ಭೂಮಿಗೇ ಕಿವಿಯಿಟ್ಟರು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಮ್ಮ ಹುಡುಗಿ ಡಿಗ್ರಿಯಲ್ಲಿ ಭೂವಿಜ್ಞಾನ ತೆಗೆದುಕೊಳ್ಳಬೇಕೆಂದಿದ್ದಾಳೆ. ಬೆಟ್ಟ, ಗಣಿ ಅಂತ ವಾರಗಟ್ಟಲೆ ಕ್ಯಾಂಪ್ ಇರುತ್ತದಂತೆ. ಕಲ್ಲು ಕುಟ್ಟುವ ಓದು ಹೆಣ್ಣುಮಕ್ಕಳಿಗೇಕೆ ಎಂದು ನಮ್ಮತ್ತೆಯವರು. ನೋಡೋಣ, ನೋಡೋಣ ಎನ್ನುತ್ತಲೇ ಹದಿನೈದು ದಿನ ಕಳೆದರು ಯಜಮಾನರು. ಅತ್ತೆಯವರಿಗೆ ಲೆಹ್ಮನ್‌ರ ವಿಷಯ ಹೇಳಿದೆ. ಕೊನೆಯವರೆಗೂ ಕೇಳಿ, “ಆಯಮ್ಮಂಗೆ ಮದುವೆ ಆಗಿತ್ತೇನೆ?” ಅಂದರು. “ಇಲ್ಲ ಅತ್ತೆ” ಅಂದೆ. “ನೋಡಿದ್ಯಾ ಮತ್ತೆ!” ಅಂದರು. ನಗು ಬಂತು, ಸಂಕಟವೂ ಆಯಿತು.

ಅವರ ಭಯ ಸುಳ್ಳೆಂದು ನಾನು ಹೇಳಲಾರೆ. ಮಗಳು ಕಾಡುಮೇಡಿನಲ್ಲಿ ಇದ್ದರೆ ರಾತ್ರಿ ನನಗೂ ನಿದ್ದೆ ಬಾರದು. ಆದರೆ ಮನೆ ತುಂಬ ಸದ್ದಿದ್ದರೂ ನಲ್ಲಿಯಲ್ಲಿ ನೀರು ಬಂದ ಸದ್ದು ಮೊದಲು ಕೇಳಿಸುವುದು ನಮಗಲ್ಲವೇ? ಮಗುವಿನ ಉಸಿರಾಟ ಕೇಳಿಯೇ ಜ್ವರ ಏರಿತೆಂದು ತಿಳಿಯುವುದೂ ನಮಗೇ. ಅಂಥ ಕಿವಿಯನ್ನು ನನ್ನ ಮಗಳು ಬೆಟ್ಟಕ್ಕೂ ಇಡುತ್ತೇನೆ ಅನ್ನುವಾಗ, ಗ್ರೊಯ್ಬೆನ್‌ಳನ್ನು ಕೂರಿಸಿದ ಹಾಗೆ ಇವಳನ್ನೂ ಮನೆಯಲ್ಲಿ ಕೂರಿಸಲೇ?

ಅರ್ಜಿಯಲ್ಲಿ ‘ತಂದೆ ಅಥವಾ ತಾಯಿಯ ಸಹಿ’ ಎಂದು ಅಚ್ಚಾಗಿದೆ. ನಾನು ಸಹಿ ಹಾಕಿ, ಯಜಮಾನರಿಗೂ ಹೇಳಿದ್ದೇನೆ. ಅವರು ಬೇಡ ಅನ್ನಲಿಲ್ಲ. ಇನ್ನು ಅತ್ತೆಯವರನ್ನು ಒಪ್ಪಿಸುವ ಕೆಲಸವೊಂದು ಉಳಿದಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಒಪ್ಪಿಸಿದ್ದರೆ, ಹೇಗೆಂದು ನಾಲ್ಕು ಸಾಲು ಬರೆದು ತಿಳಿಸುತ್ತೀರಾ?