ಚಿಕ್ಕಮ್ಮನ ಲಿವರ್ರು, ಚೀನಾದ ಮರ

ಪಂಚಭೂತ ಅಂದರೆ ನಮಗೆಲ್ಲ ಬಾಯಿಪಾಠ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಹಾಗಾಗಿ ಚೀನಾದ ಸೂಜಿ ವೈದ್ಯದಲ್ಲೂ ಐದು ತತ್ವಗಳಿವೆ ಅಂತ ಯಾರಾದರೂ ಹೇಳಿದ ಕೂಡಲೇ "ಓ, ಅದು ನಮ್ಮದೇ ಬಿಡ್ರೀ, ಇಲ್ಲಿಂದಲೇ ಹೋಗಿದ್ದು" ಅಂದುಬಿಡುತ್ತೇವೆ. ಸ್ವಲ್ಪ ತಡೀರಿ. ಅವರ ಪಟ್ಟಿಯಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು... ಇವು ಅವರ ಐದು. ಹೆಸರು 'ವು ಶಿಂಗ್'. ವು ಅಂದರೆ ಐದು, ಶಿಂಗ್ ಅಂದರೆ ನಡೆ. ಭೂತ ಅಲ್ಲ, ಧಾತು ಅಲ್ಲ, ನಡೆ! ಜಗತ್ತು ಯಾವುದರಿಂದ ಆಗಿದೆ ಅನ್ನುವುದು ನಮ್ಮ ಪಂಚಭೂತದ ಪ್ರಶ್ನೆ. ಯಾವುದಾದ ಮೇಲೆ ಯಾವುದು ಬರುತ್ತದೆ, ಯಾವುದು ಯಾವುದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ ಅನ್ನುವುದು ಅವರದು.

ಇದು ಗೊತ್ತಿಲ್ಲದಿದ್ದರೆ ನಮ್ಮ ಗಂಟೇನು ಹೋಗುತ್ತೆ ಅಂತೀರಾ? ನಮ್ಮ ಚಿಕ್ಕಮ್ಮನನ್ನು ಕೇಳಿ.

ಅವಳಿಗೆ ವರ್ಷಾನುಗಟ್ಟಲೆಯಿಂದ ಅರೆತಲೆನೋವು. ಯಾರೋ ಹೇಳಿದರು ಅಂತ ಸೂಜಿ ಚುಚ್ಚಿಸಿಕೊಳ್ಳಲು ಹೋದಳು. ಅಲ್ಲಿದ್ದವರು ಎರಡೂ ಕೈಯ ನಾಡಿ ಹಿಡಿದು, ಯಾವ ಕಾಲದಲ್ಲಿ ನೋವು ಜಾಸ್ತಿ, ಹುಳಿ ಇಷ್ಟವೋ ಸಿಹಿ ಇಷ್ಟವೋ, ಸಿಟ್ಟು ಬಂದರೆ ಏನು ಮಾಡ್ತೀರಿ ಅಂತೆಲ್ಲ ಕೇಳಿ, ಕೊನೆಗೆ "ನಿಮ್ಮ ಲಿವರ್ ವೀಕ್ ಆಗಿದೆಯಮ್ಮ" ಅಂದರಂತೆ. ಅವತ್ತು ರಾತ್ರಿ ಚಿಕ್ಕಮ್ಮ ನಿದ್ದೆ ಮಾಡಿಲ್ಲ. "ಒಂದು ತೊಟ್ಟು ಕುಡಿದವಳಲ್ಲ ಕಣೋ, ನನ್ನ ಲಿವರ್ರಿಗೆ ಏನು ಬಂತೋ" ಅಂತ ನನಗೆ ಫೋನು. ಮರುದಿನ ರಕ್ತ ಪರೀಕ್ಷೆ. ಎಲ್ಲ ನಾರ್ಮಲ್!

ಹಾಗಾದರೆ ಸುಳ್ಳು ಹೇಳಿದ್ದು ಯಾರು, ಸೂಜಿಯವರೋ ಲ್ಯಾಬಿನವರೋ? ಇಬ್ಬರೂ ಅಲ್ಲ. ಚೀನೀ ವೈದ್ಯ 'ಲಿವರ್' ಅನ್ನುವಾಗ ಬಲಪಕ್ಕೆಯೊಳಗಿನ ಆ ಕೆಂಪು ಗಡ್ಡೆಯೊಂದನ್ನೇ ಹೇಳುತ್ತಿರುವುದಿಲ್ಲ. ಅದು 'ಮರ' ಅನ್ನುವ ನಡೆಯ ಲೆಕ್ಕಕ್ಕೆ ಬರುವ ಒಂದು ದೊಡ್ಡ ಸಂಸಾರದ ಹೆಸರು. ವಸಂತ, ಹಸಿರು, ಹುಳಿ, ಕಣ್ಣು, ಸ್ನಾಯು, ಸಿಟ್ಟು, ಕೂಗಿ ಮಾತಾಡುವ ದನಿ... ಎಲ್ಲ ಆ ಮನೆಯವರೇ. ಎರಡು ಸಾವಿರ ವರ್ಷದಷ್ಟು ಹಳೆಯ 'ಸು ವೆನ್' ಗ್ರಂಥದಲ್ಲಿ ಅಂಗಗಳಿಗೆಲ್ಲ ಸರಕಾರಿ ಹುದ್ದೆ ಕೊಟ್ಟಿದ್ದಾರೆ. ಹೃದಯ ರಾಜ, ಶ್ವಾಸಕೋಶ ಮಂತ್ರಿ, ಲಿವರ್ ಸೇನಾಪತಿ, ಜಠರ ಉಗ್ರಾಣದ ಅಧಿಕಾರಿ. ಸೇನಾಪತಿ ಸುಸ್ತಾಗಿದ್ದಾನೆ ಅನ್ನುವುದನ್ನು ರಕ್ತ ಪರೀಕ್ಷೆಯಲ್ಲಿ ಹುಡುಕಿದರೆ ಸಿಗುತ್ತದೆಯೇ? ಆದರೆ ಇದನ್ನು ಬಿಡಿಸಿ ಹೇಳದೆ ಬರೀ 'ಲಿವರ್ ವೀಕ್' ಅಂದು ಕಳಿಸಿದರೆ ಮನುಷ್ಯರು ಹೆದರದೆ ಏನು ಮಾಡುತ್ತಾರೆ? ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅದಕ್ಕೆ. (ನನ್ನದೂ ಮರವೇ ಇರಬೇಕು!)

ಈಗ ಸೂಜಿಯ ವಿಷಯ. ನನಗೆ ತುಂಬ ಇಷ್ಟವಾದದ್ದು ಇದೇ. ನೀರು ಮರವನ್ನು ಬೆಳೆಸುತ್ತದೆ, ಮರ ಬೆಂಕಿಗೆ ಸೌದೆ, ಬೆಂಕಿಯ ಬೂದಿ ಮಣ್ಣು, ಮಣ್ಣಿನ ಹೊಟ್ಟೆಯಲ್ಲಿ ಲೋಹ, ತಣ್ಣನೆ ಲೋಹದ ಮೇಲೆ ನೀರ ಹನಿ. ಹೀಗೆ ಒಂದು ಇನ್ನೊಂದಕ್ಕೆ ಅಮ್ಮ. ಒಂದು ಬಿಟ್ಟು ಒಂದಕ್ಕೆ ಅಜ್ಜಿ, ಮತ್ತು ಹಿಡಿತ ಅಜ್ಜಿಯದು: ನೀರು ಬೆಂಕಿಯನ್ನು ಆರಿಸುತ್ತದೆ, ಲೋಹ ಮರವನ್ನು ಕಡಿಯುತ್ತದೆ. 'ನಾನ್ ಜಿಂಗ್' ಅನ್ನುವ ಗ್ರಂಥದ 69ನೇ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಚಿಕಿತ್ಸೆಯ ಸೂತ್ರ ಇದೆ. ಕಡಿಮೆಯಾಗಿದ್ದರೆ ಅಮ್ಮನಿಗೆ ಬಲ ಕೊಡು, ಹೆಚ್ಚಾಗಿದ್ದರೆ ಮಗುವಿನಿಂದ ಇಳಿಸು.

ಇದನ್ನು ಮೈಮೇಲೆ ಮಾಡುವುದು ಹೇಗೆ? ಹನ್ನೆರಡು ನಾಡಿಮಾರ್ಗಗಳಲ್ಲಿ ಪ್ರತಿಯೊಂದರಲ್ಲೂ ಬೆರಳ ತುದಿಯಿಂದ ಮೊಣಕೈ ಅಥವಾ ಮಂಡಿಯವರೆಗೆ ಐದು ಬಿಂದುಗಳಿವೆ. ಅವುಗಳ ಹೆಸರು ಬಾವಿ, ಚಿಲುಮೆ, ತೊರೆ, ನದಿ, ಸಮುದ್ರ. ಒಂದೊಂದಕ್ಕೂ ಒಂದೊಂದು ತತ್ವ. ಲಿವರ್ ಮಾರ್ಗ ಮರದ್ದು, ಮರದ ಅಮ್ಮ ನೀರು. ಹಾಗಾಗಿ ಶಕ್ತಿ ಕಡಿಮೆಯಾಗಿದ್ದರೆ ಆ ಮಾರ್ಗದ ನೀರಿನ ಬಿಂದು, ಅಂದರೆ ಮಂಡಿಯ ಒಳಮಗ್ಗುಲಿನ ಎಂಟನೇ ಬಿಂದು. ಹೆಚ್ಚಾಗಿದ್ದರೆ ಮರದ ಮಗು ಬೆಂಕಿ, ಅಂದರೆ ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಎರಡನೇ ಬಿಂದು. ತಲೆನೋವಿಗೆ ಕಾಲಿಗೆ ಯಾಕೆ ಚುಚ್ಚಿದರು ಅಂತ ಚಿಕ್ಕಮ್ಮ ಕೇಳಿದ್ದಕ್ಕೆ ಉತ್ತರ ಇದು.

ಇಷ್ಟು ಚೆಂದದ ಲೆಕ್ಕ ಮೊದಲು ದೊಡ್ಡದಾಗಿ ಬಳಕೆಯಾಗಿದ್ದು ವೈದ್ಯಕ್ಕಲ್ಲ, ರಾಜಕೀಯಕ್ಕೆ! ಕ್ರಿ.ಪೂ. 3ನೇ ಶತಮಾನದಲ್ಲಿ ಝೌ ವಂಶದ ನಂತರ ಬಂದ ಚಿನ್ ಚಕ್ರವರ್ತಿ "ಅವರದು ಬೆಂಕಿ, ನಮ್ಮದು ನೀರು" ಅಂತ ಕಪ್ಪು ಬಣ್ಣವನ್ನು ರಾಜ್ಯದ ಬಣ್ಣ ಮಾಡಿಕೊಂಡ. ಇನ್ನು ಒಬ್ಬೊಬ್ಬರಿಗೂ ಮೂಲದಲ್ಲೇ ಒಂದು ತತ್ವ ಏರುಪೇರಾಗಿರುತ್ತದೆ, ಮುಖದ ಬಣ್ಣ, ದನಿ, ಮೈವಾಸನೆ, ಭಾವ ಈ ನಾಲ್ಕರಿಂದ ಅದನ್ನು ಹಿಡಿಯಬೇಕು ಅನ್ನುವ ಈಗಿನ 'ಪಂಚತತ್ವ ಅಕ್ಯುಪಂಕ್ಚರ್' ಇದೆಯಲ್ಲ, ಅದನ್ನು ಕಟ್ಟಿದ್ದು ಇಂಗ್ಲೆಂಡಿನ ಜೆ. ಆರ್. ವರ್ಸ್ಲಿ (1923-2003). ಚೀನಾದ ಸರಕಾರಿ ಕಾಲೇಜುಗಳ ದಾರಿ ಬೇರೆ. ಅಲ್ಲಿ ಐದು ತತ್ವಕ್ಕೆ ಇಷ್ಟು ಪಟ್ಟ ಇಲ್ಲ.

ಸರಿ, ಕೆಲಸ ಮಾಡುತ್ತದೆಯೇ? 2005ರಲ್ಲಿ ಜರ್ಮನಿಯಲ್ಲಿ 302 ಜನ ಅರೆತಲೆನೋವಿನವರ ಮೇಲೆ ಒಂದು ಪ್ರಯೋಗದ ಫಲಿತಾಂಶ ಬಂತು. ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರಲ್ಲಿ 51%ರಷ್ಟು ಜನಕ್ಕೆ ನೋವಿನ ದಿನಗಳು ಅರ್ಧಕ್ಕಿಳಿದವು. ಬಿಂದುವೇ ಅಲ್ಲದ ಜಾಗಕ್ಕೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 53%! ಏನೂ ಮಾಡದೆ ಕಾಯುತ್ತಿದ್ದವರಲ್ಲಿ 15%. ಇದು ವರ್ಸ್ಲಿ ಪದ್ಧತಿಯ ಪರೀಕ್ಷೆ ಅಲ್ಲ ನಿಜ. ಆದರೂ ಆರಾಮ ಸಿಗುವುದು ಸುಳ್ಳಲ್ಲ, ಆ ಆರಾಮಕ್ಕೆ ಇಂಥದ್ದೇ ಬಿಂದು ಬೇಕು ಅನ್ನುವುದು ಮಾತ್ರ ಅನುಮಾನ ಅಂತಲೇ ನನಗನ್ನಿಸುವುದು. ಅಮ್ಮ-ಮಗು-ಅಜ್ಜಿ ಲೆಕ್ಕ ಸೂಜಿಗಿಂತ ಹೆಚ್ಚಾಗಿ ರೋಗಿಯ ಮಾತು ಕೇಳುವುದಕ್ಕೆ ಉಪಯೋಗಕ್ಕೆ ಬರುತ್ತದೇನೋ. ಚಿಕ್ಕಮ್ಮನೇ ಹೇಳಿದಳು, ಮುಕ್ಕಾಲು ಗಂಟೆ ಕೂತು ಅವಳ ಸಿಟ್ಟಿನ ಬಗ್ಗೆ ಕೇಳಿದವರು ಈವರೆಗೆ ಯಾರೂ ಇರಲಿಲ್ಲವಂತೆ.

ನಾನು ಅವಳಿಂದ ಎರಡು ಮಾತು ತೆಗೆದುಕೊಂಡೆ. ಸೂಜಿ ಪ್ರತಿಸಲ ಹೊಸ ಪ್ಯಾಕೆಟ್ಟಿನಿಂದ ಬರಬೇಕು, ಡಾಕ್ಟರನ್ನು ಕೇಳದೆ ಬಿಪಿ ಮಾತ್ರೆ ನಿಲ್ಲಿಸಬಾರದು. ಒಪ್ಪಿದಳು. ಆಮೇಲೆ ಸು ವೆನ್‌ನಲ್ಲಿರುವ ಇನ್ನೊಂದು ಸೂತ್ರ ಹೇಳಿದೆ: ಸಿಟ್ಟನ್ನು ಗೆಲ್ಲುವುದು ದುಃಖ, ಯಾಕೆಂದರೆ ಮರವನ್ನು ಕಡಿಯುವುದು ಲೋಹ, ಲೋಹದ ಭಾವ ದುಃಖ.

"ಅದಕ್ಕೇ ನಾನು ಅತ್ತ ಕೂಡಲೇ ನಿಮ್ಮ ಚಿಕ್ಕಪ್ಪ ಕೂಗಾಡೋದು ನಿಲ್ಲಿಸೋದು" ಅಂದಳು.